ಉಬ್ಬುಗೆರೆಯ ದಾರಿ

ಮಾರ್ಚ್ 12, ಬೆಳಿಗ್ಗೆ 10.20. ಬಿಳಿಕೋಲು ಹಿಡಿದು ಬನಹಟ್ಟಿ ಠಾಣೆಗೆ ಒಬ್ಬಳೇ ಬಂದ ತಾಯವ್ವ, ಪಿಎಸ್‌ಐ ಪೂರ್ಣಿಮಾಳ ಎದುರು ಕೂತು ಹೇಳಿದಳು:

“ನಮ್ಮ ಕೇಂದ್ರದಾಗ ನೆಲ ಸುಳ್ಳು ಹೇಳಾಕತ್ತೈತ್ರಿ ಮೇಡಂ.”

ತಾಯವ್ವ ಅಂಧರ ನೇಯ್ಗೆ ತರಬೇತಿ ಕೇಂದ್ರದ ನಿವಾಸಿ. ಎರಡು ದಿನಗಳ ಹಿಂದೆ ಬೆಳಿಗ್ಗೆ ಅಲ್ಲಿನ ಇನ್ನೊಬ್ಬ ನಿವಾಸಿ ದಶರಥ ಲಿಫ್ಟಿನ ಗುಂಡಿಗೆ ಬಿದ್ದು ಸತ್ತಿದ್ದ. ಅಪಘಾತವೆಂದು ಅಸ್ವಾಭಾವಿಕ ಸಾವಿನ ಪ್ರಕರಣ ದಾಖಲಾಗಿತ್ತು.

“ಕಾಲಿಗೆ ದಾರಿ ತೋರಸೋ ಉಬ್ಬುಗೆರಿ ಟೈಲ್ಸ್ ಬಚ್ಚಲದ ಕಡೆ ಎಡಕ್ಕ ಹೊಳ್ಳತಾವ್ರಿ. ದಶರಥ ಸಾಯೋ ಹಿಂದಿನ ದಿನ ಸಂಜಿಮುಂದ ನೆಟ್ಟಗ ಹೋಗಿದ್ದವು. ಮಾರಿಗೆ ತಣ್ಣನ ಗಾಳಿ ಬಡೀತು, ಹೆದರಿ ಹಿಂದ ಬಂದೆ. ಅಂವ ಸತ್ತ ಮ್ಯಾಲ ಮತ್ತ ಎಡಕ್ಕ ಹೊಳ್ಳ್ಯಾವು.”

“ಯಾರಿಗೂ ಹೇಳಲಿಲ್ಲೇನು?”

“ಹೇಳಿದ್ನಿರಿ. ನಿನಗ ದಿಕ್ಕು ತಪ್ಪೈತಿ ಅಂದ್ರು.”

11.30ಕ್ಕೆ ಪೂರ್ಣಿಮಾ, ಕಾನ್‌ಸ್ಟೇಬಲ್ ಹೊಳೆಪ್ಪ ಮತ್ತು ಪಂಚರು ತಾಯವ್ವನೊಂದಿಗೆ ಕೇಂದ್ರದಲ್ಲಿದ್ದರು. ಪೂರ್ಣಿಮಾ ಬೂಟು ಕಳಚಿ, ಕಣ್ಣು ಮುಚ್ಚಿ ನಡೆದಳು. ಗೆರೆಗಳು ಎಡಕ್ಕೆ ತಿರುಗಿ ಬಚ್ಚಲಿಗೆ ಮುಟ್ಟಿಸಿದವು. ಏನೂ ತಪ್ಪಿರಲಿಲ್ಲ.

ತಾಯವ್ವ ನೆಲಕ್ಕೆ ಕೂತು ಕೋಲಿನಿಂದ ಬಡಿಯುತ್ತ ಬಂದಳು. “ಇವು ನಾಕು ಟೊಳ್ಳು ಅದಾವ್ರಿ.”

ಹೊಳೆಪ್ಪ ಕಿತ್ತ. ಅಂಟು ಇನ್ನೂ ಜಿಗುಟಾಗಿತ್ತು. ಮುಂದೆ ಲಿಫ್ಟಿನ ಬಾಗಿಲವರೆಗೆ ನೆಲದ ಮೇಲೆ ಉಜ್ಜಿದ ನಾಲ್ಕು ಚೌಕದ ಕಲೆಗಳು. ಪೂರ್ಣಿಮಾ ಬಾಗಿಲು ಸರಿಸಿ ಮತ್ತೆ ಕಣ್ಣು ಮುಚ್ಚಿದಳು. ಕೊನೆಯ ಕಲೆಯಿಂದ ಅರ್ಧ ಹೆಜ್ಜೆ. ಕಾಲ್ಬೆರಳಿಗೆ ಕೆಳಗಿನ ತಂಪು ತಾಗಿತು. ನೆಲ ಅಲ್ಲಿಗೇ ಮುಗಿದಿತ್ತು. ಲಿಫ್ಟನ್ನು ಯಾವತ್ತೂ ಕೂಡಿಸಿರಲೇ ಇಲ್ಲ.

ಪಂಚನಾಮೆ ಮುಗಿದು ಎಫ್‌ಐಆರ್ ಆಯಿತು. ಕೇಂದ್ರದ ಮೇಲ್ವಿಚಾರಕ ಮಲ್ಲಿನಾಥನ ಮೊಬೈಲಿನಲ್ಲಿ ಮಾರ್ಚ್ 9ರ ಸಂಜೆಯ ಫೋಟೋ ಸಿಕ್ಕಿತು: ಲಿಫ್ಟಿಗೆ ನೇರ ಹೋಗುವ ಉಬ್ಬುಗೆರೆಗಳು. ಪರವಾನಗಿಗಾಗಿ ಅದರ ಜೊತೆ ಇಲಾಖೆಗೆ ಕಳಿಸಿದ ಪತ್ರದಲ್ಲಿ, ‘2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮಾನದಂಡದಂತೆ ಸುಗಮ ಪ್ರವೇಶ ಕಲ್ಪಿಸಲಾಗಿದೆ.’

“ಫೋಟೋ ತಗದ ಮ್ಯಾಲ ಯಾಕ ಕೀಳಲಿಲ್ಲ?” ಪೂರ್ಣಿಮಾ ಅವನನ್ನು ಕೇಳಿದಳು.

“ಮುಂಜಾನೆ ಕೀಳೂಣು ಅಂತ ಬಿಟ್ಟೆರಿ. ಲಿಫ್ಟಿನ ಬಾಗಲಾ ಹಾಕೋದೂ ಮರತೆರಿ.”

“ದಶರಥ ಬಚ್ಚಲಕ್ಕ ಹೊಂಟಿದ್ದು ಮುಂಜಾನೆ ಆರಕ್ಕ. ನೀ ಆ್ಯಂಬುಲೆನ್ಸಿಗೆ ಫೋನ್ ಮಾಡಿದ್ದು 6.50ಕ್ಕ. ನಡುವ ಏನ್ ಮಾಡ್ತಿದ್ದಿ?”

ಮಲ್ಲಿನಾಥ ತಲೆ ತಗ್ಗಿಸಿದ. “ಟೈಲ್ಸ್ ಕಿತ್ತು ಹೊಳ್ಳಿ ಎಡಕ್ಕ ಹಚ್ಚಾಕತ್ತಿದ್ನಿರಿ.”

ಸಂಜೆ 5.15ಕ್ಕೆ ಅವನನ್ನು ಬಂಧಿಸಲಾಯಿತು. ಪರವಾನಗಿ ಹೋದರೆ ಕೇಂದ್ರ ಮುಚ್ಚುತ್ತಿತ್ತು. ಮನೆಗಳ ಕತ್ತಲ ಮೂಲೆಗಳಲ್ಲಿ ಕೂತಿದ್ದ ಹದಿನೆಂಟು ಜನರನ್ನು ಊರೂರು ತಿರುಗಿ ಕರೆತಂದವನು ಅವನೇ. ದಶರಥನನ್ನೂ ಸಾವಳಗಿಯಿಂದ ಕೈಹಿಡಿದು ತಂದಿದ್ದ.

ಹೇಳಿಕೆಗೆ ಸಹಿ ಹಾಕುವ ಮೊದಲು ಒಂದು ಮಾತು ಸೇರಿಸಲು ಹೇಳಿದ.

“ಅವನ ಕಡೆ ಮಾತಾಡೋ ವಾಚ್ ಇತ್ತರಿ. ಬಟನ್ ಒತ್ತಿದ್ರ ಟೈಮ್ ಹೇಳತಿತ್ತು. ನಾ ಅಂಟು ಹಚ್ಚೋ ಮುಂದ ಗುಂಡ್ಯಾಗಿಂದ ಕೇಳಸ್ತಿತ್ತು. ಆರು ಹತ್ತು. ಆರು ಇಪ್ಪತ್ತು. ಆರು ಮೂವತ್ತೆರಡು.”

“ಆಮ್ಯಾಲ?”

“ಆಮ್ಯಾಲ ಒತ್ತಲಿಲ್ಲರಿ.”