ಒಪ್ಪದ ಬಾವಿ

ತರಬೇತಿಯ ಮೊದಲ ದಿನವೇ ಶಾಕಂಬರಿ ಹಳ್ಳೂರ ಬೆರಳ ತುದಿಯಿಂದ ವಿಷದ ಗುರುತಾದ ಒಂದು ಹನಿ ಕೆಂಪು ಇಳಿಬಿಟ್ಟು ನೋಡಿದಳು. ಕೋಣೆಯ ನಡುವೆ ಆಳೆತ್ತರಕ್ಕೆ ನಿಂತಿದ್ದ ಬೆಳಕಿನ ನಕ್ಷೆಯೊಳಗೆ ಆ ಕೆಂಪು ಹನಿ ಮಣ್ಣನ್ನು ದಾಟಿತು, ಕಲ್ಲಿನ ಪದರಕ್ಕೆ ತಾಗಿ ಪಕ್ಕಕ್ಕೆ ಹರಿಯಿತು, ಹಳ್ಳ ಸೇರಿ ತೆಳುವಾಯಿತು. ಮೂವತ್ತು ವರ್ಷ ನಾಲ್ಕು ನಿಮಿಷದಲ್ಲಿ ಕಳೆದುಹೋದವು. ಭೂಗನ್ನಡಿ ಎಂದರೆ ಇದೇ. ಬಾವಿಗಳ ನೀರಿನ ಮಟ್ಟವನ್ನು ಉಣಿಸಿದರೆ ನೆಲದೊಳಗಿನ ನೀರು ಎತ್ತ ಹರಿಯುತ್ತದೆ, ಅದರಲ್ಲಿ ವಿಷ ಬೆರೆತರೆ ಯಾವ ವರ್ಷ ಯಾರ ಮನೆ ಮುಟ್ಟುತ್ತದೆ ಎಂದು ಕಣ್ಣೆದುರಿಗೇ ತೋರಿಸುವ ಸಾಫ್ಟ್‌ವೇರ್. 2061ರಲ್ಲಿ ಇದರ ಒಪ್ಪಿಗೆಯಿಲ್ಲದೆ ಯಾರೂ ಬೋರ್‌ವೆಲ್ ಕೊರೆಯುತ್ತಿರಲಿಲ್ಲ, ಕಾರ್ಖಾನೆ ಕಟ್ಟುತ್ತಿರಲಿಲ್ಲ.

ಧಾರವಾಡದ ಆ ಐದು ದಿನದ ತರಬೇತಿಗೆ ಬಂದವರು ಮೂವತ್ತು ಮಂದಿ. ಇಪ್ಪತ್ತೊಂಬತ್ತು ಎಂಜಿನಿಯರುಗಳು, ಶಾಕಂಬರಿಯೊಬ್ಬಳು ಅಳತೆಗಾರ್ತಿ. ಕೆಂಚಾಪುರದ ನೇಕಾರರ ಓಣಿಯ, ತನ್ನ ಮನೆಯ ಹಿಂದಿನ ತೆರೆದ ಬಾವಿಗೆ ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಅಳತೆಪಟ್ಟಿ ಇಳಿಬಿಟ್ಟು, ನೀರಿನ ಮಟ್ಟ ಬರೆದು ಕಳಿಸುವವಳು. ಬೇರೆ ಬಾವಿಗಳಲ್ಲಿ ಈ ಕೆಲಸವನ್ನು ಉಪಕರಣಗಳೇ ಮಾಡುತ್ತಿದ್ದವು. ಈ ಬಾವಿಯಲ್ಲಿ ಇಟ್ಟದ್ದೆಲ್ಲ ಮೂರು ತಿಂಗಳಿಗೆ ತುಕ್ಕು ಹಿಡಿಯುತ್ತಿತ್ತು. ಯಾಕೆ ಹಿಡಿಯುತ್ತದೆ ಎಂದು ದೊಡ್ಡವರು ಯಾರೂ ಕೇಳಿರಲಿಲ್ಲ. ಆಕೆಯನ್ನು ತರಬೇತಿಗೆ ಆರಿಸಿದವರು ಭೂಗನ್ನಡಿಯನ್ನು ಕಂಡುಹಿಡಿದ ಡಾ. ವಿರೂಪಾಕ್ಷ ತೊರಗಲ್ಲಮಠರೇ. ಹಿಂದೊಮ್ಮೆ ಊರಿಗೆ ಬಂದಾಗ ಆಕೆಯ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು, "ಇಷ್ಟು ಚೊಕ್ಕ ಅಳತಿ ನಾ ಎಲ್ಲೂ ನೋಡಿಲ್ಲ, ತಂಗಿ" ಎಂದಿದ್ದರು. ಆ ಒಂದು ಮಾತಿನ ಮೇಲೆ ಆಕೆ ಇಷ್ಟು ವರ್ಷ ಬದುಕಿದ್ದಳು ಎಂದರೂ ಸುಳ್ಳಲ್ಲ.

ಮೂರನೆಯ ದಿನದ ಪಾಠ ಹೊಂದಾಣಿಕೆ. ಯಂತ್ರದ ಲೆಕ್ಕವೂ ಬಾವಿಯ ನಿಜವಾದ ಅಳತೆಯೂ ಕೂಡಿಬರುವವರೆಗೆ ನೆಲದ ಗುಣಗಳನ್ನು ತಿದ್ದುತ್ತ ಹೋಗುವ ಕೆಲಸ. ಅಭ್ಯಾಸಕ್ಕೆ ಕೊಟ್ಟದ್ದು ಒಂದು 'ಕಾಲ್ಪನಿಕ ಊರು'. ಊರ ಉತ್ತರಕ್ಕೆ ಬಣ್ಣದ ಕಾರ್ಖಾನೆಗಳು, ಸುತ್ತ ನಲವತ್ತೇಳು ಬಾವಿಗಳು. ನಲವತ್ತಾರು ಕೂಡಿಬಂದವು. ಹದಿನೇಳನೆಯದರ ಅಳತೆ ಮಾತ್ರ ಏನು ಮಾಡಿದರೂ ಲೆಕ್ಕಕ್ಕಿಂತ ಮೂರು ಮೀಟರ್ ಕೆಳಗೇ ಉಳಿಯಿತು.

"ಪ್ರತಿ ಊರಾಗೂ ಇಂಥಾದ್ದೊಂದು ಹಟಮಾರಿ ಬಾವಿ ಇರತೈತಿ," ಎಂದು ತೊರಗಲ್ಲಮಠರು ನಕ್ಕರು. "ಅಳತಿ ಮಾಡೋರು ನೆಟ್ಟಗ ಅಳದಿರಂಗಿಲ್ಲ. ಅದರ ತೂಕ ಸೊನ್ನಿ ಮಾಡ್ರಿ."

ತೂಕ ಎಂದರೆ ಆ ಬಾವಿಯನ್ನು ಎಷ್ಟು ನಂಬಬೇಕು ಎಂಬ ಅಂಕಿ. ಮೂವತ್ತು ಬೆರಳುಗಳು ಸೊನ್ನೆ ಒತ್ತಿದವು, ಶಾಕಂಬರಿಯದೂ ಸೇರಿ. ಕಾರ್ಖಾನೆಯ ಕೆಂಪು ಊರಿನ ತಂಟೆಗೆ ಹೋಗದೆ ಹಳ್ಳ ಸೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನೆಟ್ಟಗೆ ಅಳೆಯದ ಆ ಪುಣ್ಯಾತ್ಮರು ಯಾರಪ್ಪಾ ಎಂದು ಆಕೆ ಹದಿನೇಳನೆಯ ಬಾವಿಯ ಅಂಕಿಗಳನ್ನು ತೆರೆದಳು. ಎರಡನೆಯ ವರ್ಷದ ಜುಲೈನಲ್ಲಿ ಹನ್ನೊಂದು ದಿನ ಖಾಲಿ. ಹನ್ನೆರಡು ವರ್ಷದಲ್ಲಿ ಅಷ್ಟು ಬಿಟ್ಟರೆ ಒಂದು ದಿನವೂ ತಪ್ಪಿಲ್ಲ. ಅದು ಮಗಳು ಹುಟ್ಟಿದ ಜುಲೈ. ಪುರುಡು ಕಳೆಯುವವರೆಗೆ ಬಾಣಂತಿ ಬಾವಿಯ ಹತ್ತಿರ ಸುಳಿಯಬಾರದೆಂದು ಅತ್ತೆ ತಡೆದಿದ್ದರು. ಕಾಲ ಎಷ್ಟೇ ಮುಂದೆ ಹೋದರೂ ಅತ್ತೆಯರು ಅಷ್ಟು ಬೇಗ ಮುಂದೆ ಹೋಗುವುದಿಲ್ಲ. ಹನ್ನೆರಡನೆಯ ದಿನ ಗಂಗೆಪೂಜೆಗೆಂದು ಬಾವಿಗೆ ಹೋದವಳು ಅಳತೆಯನ್ನೂ ಹಾಕಿಕೊಂಡೇ ಬಂದಿದ್ದಳು. ಫೋನಿನಲ್ಲಿದ್ದ ತನ್ನ ಹಳೆಯ ದಾಖಲೆ ತೆಗೆದು ಒಂದೊಂದೇ ಅಂಕಿ ಹಿಡಿದು ನೋಡಿದಳು. ಎಲ್ಲವೂ ತನ್ನವೇ. ಊರ ನಕ್ಷೆಯನ್ನು ಎಡಬಲ ತಿರುಗಿಸಿ ಕಾಲ್ಪನಿಕ ಎಂದು ಹೆಸರಿಟ್ಟಿದ್ದರು, ಅಷ್ಟೆ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಆಕೆ ಸೊನ್ನೆ ತೆಗೆದು, ಉಳಿದ ಬಾವಿಗಳಿಗಿದ್ದಷ್ಟೇ ತೂಕವನ್ನು ಹದಿನೇಳನೆಯದಕ್ಕೂ ಕೊಟ್ಟಳು. ಅದನ್ನೂ ಒಪ್ಪಿಸಬೇಕಾದಾಗ ಭೂಗನ್ನಡಿ ಕಲ್ಲಿನೊಳಗೆ ಒಂದು ಉದ್ದನೆಯ ಬಿರುಕನ್ನು ಎಳೆಯಿತು. ಕೆಂಪು ಆ ಬಿರುಕು ಹಿಡಿದು ನೇಕಾರರ ಓಣಿಯ ಕೆಳಗೆ ಓಡಿ, ಊರ ಟ್ಯಾಂಕಿಗೆ ನೀರೆತ್ತುವ ಬೋರ್‌ವೆಲ್ ಮುಟ್ಟಿತು. ಮುಟ್ಟಿದ ವರ್ಷ 2056.

ತೊರಗಲ್ಲಮಠರು ಬಾಗಿಲಲ್ಲಿ ನಿಂತಿದ್ದರು.

"ಸರ್, ಐದು ವರ್ಷದಿಂದ ನನ್ನ ಮಗಳು ಈ ನೀರು ಕುಡ್ಯಾಕತ್ತಾಳ್ರಿ."

ಅವರು ಒಳಗೆ ಬಂದು ನಕ್ಷೆಯನ್ನು ನೋಡಿದರು. "ಆಗ ನಿಮ್ಮೂರ ನೀರಿನ ವರದಿ ಕೇಳಿದವರಿಗೆ ಅವಸರ ಇತ್ತು, ತಂಗಿ. ನಲವತ್ತಾರು ಬಾವಿ ಒಂದು ಹೇಳತಾವ, ಒಂದು ಬಾವಿ ಬ್ಯಾರೆ ಹೇಳತೈತಿ. ಅದೂ ಕೈಲೆ ಅಳದದ್ದು. ನಾ ಯಾರನ್ನ ನಂಬಲಿ?"

"ನನ್ನ ಅಳತಿ ಚೊಕ್ಕ ಅಂದಿದ್ರಲ್ರೀ, ನಮ್ಮ ಮನ್ಯಾಗ ಕುಂತು! ಬಾವಿ ಹಿತ್ತಲದಾಗಽ ಇತ್ತು. ಕೈ ತೊಳ್ಯಾಕ ಹೋದಾಗ ಒಮ್ಮೆ ಪಟ್ಟಿ ಇಳಿಬಿಟ್ಟು ನೋಡಬಾರದಿತ್ತೇನ್ರಿ?"

ಉಂಡ ಮನೆಯ ಜಂತೆ ಎಣಿಸುವವರನ್ನು ಶಾಕಂಬರಿ ಬೇಕಾದಷ್ಟು ಕಂಡಿದ್ದಳು. ಉಂಡ ಮನೆಯ ಬಾವಿಯನ್ನೇ ಸೊನ್ನೆ ಮಾಡಿದವರನ್ನು ಈಗ ಕಂಡಳು. ಅದೂ ದೇವರಂತೆ ನಂಬಿದ್ದವರನ್ನು.

"ಈಗರ ಸರಿಮಾಡ್ರಿ," ಎಂದಳು.

"ನಿಮ್ಮೂರಿಂದು ಮಾಡಬಹುದು." ಅವರ ದನಿ ಇಳಿಯಿತು. "ಆದ್ರ ಏಳು ವರ್ಷದಾಗ ನಲವತ್ತು ತಂಡಕ್ಕ ಇದಽ ಪಾಠ ಹೇಳೇನಿ. ಕಲಿಯೋರು ಏನು ಒತ್ತತಾರ, ಅದನ್ನ ನೋಡಿ ಭೂಗನ್ನಡಿನೂ ಕಲೀತೈತಿ. ಹೋದ ವರ್ಷದಿಂದ ಪಾಠದ ಹೊರಗ ಅದಕ್ಕ ಯಾರೂ ಹೇಳೂದು ಬೇಕಾಗಿಲ್ಲ. ಒಪ್ಪದ ಬಾವಿನ ತಾನಽ ಸೊನ್ನಿ ಮಾಡಾಕತ್ತೈತಿ."

"ಎಷ್ಟು ಊರಾಗ್ರಿ?"

"ಎಲ್ಲಾ ಊರಾಗ."

ಆಕೆ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು. ನಳದ ನೀರು ಯಾರೂ ಕುಡಿಯಬೇಡಿ, ಓಣಿಯವರಿಗೆಲ್ಲ ಈಗಲೇ ಹೇಳು ಎಂದಳು. ವಿನಾಯಕ ತಡೆತಡೆದು ಮಾತಾಡಿದ. "ಈಗಷ್ಟಽ ಪುರಸಭಾ ಮುಂದಿಂದ ಬಂದೇನಿ. ಅಲ್ಲಿಟ್ಟ ಭೂಗನ್ನಡಿ ನಮ್ಮ ನೀರು ಸ್ವಚ್ಛ ಐತಿ ಅಂತ ತೋರಸಾಕತ್ತೈತಿ. ಇಡೀ ಊರು ಕುಡ್ಯಾಕತ್ತೈತಿ. ನೀ ಒಬ್ಬಾಕಿ ಬ್ಯಾರೆ ಹೇಳಿದ್ರ ಜನಾ ನಗ್ತಾರಲ್ಲೇ?"

"ಜನಾ ಬಿಡು. ನೀ ಏನಂತಿ?"

"ಪುರಸಭಾದಾಗ ಒಮ್ಮೆ ಕೇಳಿ ಬರ್ತೇನಿ," ಎಂದ ವಿನಾಯಕ. ಆ ಮಾತಿನಲ್ಲಿ ತನ್ನ ತೂಕ ಎಷ್ಟೆಂದು ಶಾಕಂಬರಿಗೆ ಗೊತ್ತಾಯಿತು.

ಇದೆಲ್ಲ 2061ರ ಮಾತು ಎಂದು ಓದುಗರು ನಿಶ್ಚಿಂತರಾಗಬೇಕಿಲ್ಲ. ಎಲ್ಲರೂ ಒಂದು ಹೇಳುವಾಗ ಒಬ್ಬರು ಬೇರೆ ಹೇಳಿದರೆ, ಎದ್ದು ಹೋಗಿ ನೋಡದೆ "ಆಕೆಗೇನು ಗೊತ್ತು" ಎಂದು ನಾವು ಇವತ್ತೂ ಅನ್ನುತ್ತೇವೆ. ಯಂತ್ರಗಳು ಅದನ್ನು ಈಗಲೇ ಕೇಳಿಸಿಕೊಳ್ಳುತ್ತಿವೆ.