ಏಳು ಒಡವೆ, ತೂಕ ಒಂದು ಗ್ರಾಂ

೨೦೨೫ರ ಜೂನ್ ೧೭, ಮಂಗಳವಾರ, ಬೆಳಗ್ಗೆ ೧೦.೪೦. ನಗೋಯಾದ ಠಾಣೆಯೊಂದರಲ್ಲಿ ಸಂಜನಾ ಎಂಬ ಎಂಜಿನಿಯರ್ ಕಳವಿನ ದೂರು ಕೊಟ್ಟಳು. ಕಳೆದ ವರ್ಷ ತೀರಿಕೊಂಡ ತಾಯಿ ಶಾರದಾ ಅವರ ಏಳು ಒಡವೆಗಳು ಬೀರುವಿನಿಂದ ಕಾಣೆಯಾಗಿದ್ದವು. ಆಕೆ "ಒನ್ ಗ್ರಾಂ ಗೋಲ್ಡ್" ಎಂದದ್ದನ್ನು ಕಾನ್‌ಸ್ಟೆಬಲ್ ಒಗಾವಾ ತೂಕವೆಂದೇ ಬರೆದುಕೊಂಡರು.

ಇನ್‌ಸ್ಪೆಕ್ಟರ್ ಹಿರಾಬಯಾಶಿ ದೂರನ್ನು ಎರಡು ಬಾರಿ ಓದಿದರು.

"ಏಳೂ ಸೇರಿ ಒಂದೇ ಗ್ರಾಮೇ?"

"ಸುಮಿಮಾಸೆನ್, ಕ್ಷಮಿಸಿ, ಅದು ತೂಕ ಅಲ್ಲ. ಚಿನ್ನದ ನೀರು ಹಾಕಿದ ನಕಲಿ ಒಡವೆಗೆ ನಮ್ಮ ಬೆಂಗಳೂರಲ್ಲಿ ಹಾಗಂತಾರೆ."

"ಬೆಲೆ?"

"ಇಪ್ಪತ್ತು ಸಾವಿರ ಯೆನ್."

ಮಧ್ಯಾಹ್ನ ಎರಡಕ್ಕೆ ಸಂಜನಾಳ ಮನೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ; ಅದೇ ಬೀರುವಿನಲ್ಲಿದ್ದ ನಗದು ಹಾಗೆಯೇ ಇತ್ತು. ನಗದನ್ನು ಬಿಟ್ಟು ನಕಲಿಯನ್ನು ಒಯ್ದ ಕಳ್ಳ. ಆ ನಕಲಿಗಾಗಿ ರಜೆ ಹಾಕಿ ಠಾಣೆಗೆ ಬಂದ ಫಿರ್ಯಾದಿ. ಹಿರಾಬಯಾಶಿ ಇಬ್ಬರನ್ನೂ ನಂಬಲಿಲ್ಲ.

"ಮನೆಯ ಇನ್ನೊಂದು ಕೀಲಿ ಯಾರ ಬಳಿ ಇದೆ?"

"ಭೀಮಸೇನ ಅಂಕಲ್ ಹತ್ರ. ಅಮ್ಮನ ಜೊತೆ ಕೆಲಸ ಮಾಡ್ತಿದ್ರು. ನಾನು ಒಸಾಕಾಗೆ ಹೋದಾಗ ಗಿಡಕ್ಕೆ ನೀರು ಹಾಕ್ತಾರೆ. ಅಮ್ಮನ ಆಸ್ತಿಯ ತೆರಿಗೆ ಪಟ್ಟಿಗೂ ಅವರೇ..." ಸಂಜನಾ ಅಲ್ಲಿಗೇ ನಿಲ್ಲಿಸಿದಳು.

ಜೂನ್ ೧೯ರಂದು ಒಗಾವಾ ಚಿನ್ನ ಕೊಳ್ಳುವ ಅಂಗಡಿಯೊಂದರಲ್ಲಿ ಭೀಮಸೇನ ಮಾರಿದ್ದ ಎರಡು ಬಳೆಗಳನ್ನು ಪತ್ತೆಹಚ್ಚಿದರು. ಆತ ತನ್ನದೇ ಗುರುತಿನ ಚೀಟಿ ತೋರಿಸಿದ್ದ. ಮನೆ ಶೋಧಿಸಿದಾಗ ಉಳಿದ ಐದೂ ಸಿಕ್ಕವು. ಏಳೂ ಇಪ್ಪತ್ತೆರಡು ಕ್ಯಾರಟ್. ಒಟ್ಟು ೪೧೨ ಗ್ರಾಂ. ಅವು ತನ್ನ ಹೆಂಡತಿಯವೆಂದು ಆತ ವಾದಿಸಿದ.

ಮರುದಿನ ಠಾಣೆಯಲ್ಲಿ ಸಂಜನಾಳನ್ನು ಕಂಡು ಆತ ನಕ್ಕು ಕನ್ನಡದಲ್ಲಿ ಕೇಳಿದ.

"ಏನಮ್ಮಾ, ಒನ್ ಗ್ರಾಂ ಗೋಲ್ಡಿಗೂ ಪೊಲೀಸ್ ಕಂಪ್ಲೇಂಟಾ?"

"ತೆರಿಗೆ ಪಟ್ಟೀಲಿ ಹಾಗೆ ಬರೆಸು ಅಂದಿದ್ದು ನೀವೇ ಅಲ್ವಾ ಅಂಕಲ್!"

"ಸಹಿ ಅಂತ ಸೀಲ್ ಒತ್ತಿದ್ದು ನೀನು."

ಹಿರಾಬಯಾಶಿ ಒಡವೆಗಳನ್ನು ಮೇಜಿನ ಮೇಲಿಟ್ಟರು. "ದೂರಿನ ಪ್ರಕಾರ ನೀವು ಕಳೆದುಕೊಂಡದ್ದು ನಕಲಿ. ಇದು ಅಸಲಿ. ನಿಮ್ಮದಲ್ಲವೆಂದರೆ ಈತ ಮನೆಗೆ ಹೋಗುತ್ತಾನೆ. ನಿಮ್ಮದೆಂದರೆ ನಾನು ತೆರಿಗೆ ಕಚೇರಿಗೆ ತಿಳಿಸಬೇಕು."

ಸಾವು ತಿಳಿದ ಹತ್ತು ತಿಂಗಳೊಳಗೆ ಸಲ್ಲಿಸುವ ಆ ಪಟ್ಟಿಯಲ್ಲಿ ಆಸ್ತಿಯನ್ನು ಬೇಕೆಂದೇ ಮರೆಮಾಚಿದರೆ, ತಪ್ಪಿಸಿದ ತೆರಿಗೆಯ ಮೇಲೆ ಶೇಕಡ ಮೂವತ್ತೈದರಷ್ಟು ದಂಡ. ವಿಳಂಬದ ತೆರಿಗೆ ಬೇರೆ. ಸಂಜನಾ ಇದನ್ನು ಅರಿತೇ ಸೀಲು ಒತ್ತಿದ್ದಳು. ತಾಯಿ ದುಡಿದು ಮಾಡಿಸಿದ ಚಿನ್ನವನ್ನು ಮಗಳೇ ನಕಲಿಯೆಂದು ಸರ್ಕಾರಕ್ಕೆ ಬರೆದುಕೊಟ್ಟಿದ್ದಳು. ಆ ಒಡವೆಗಳಿಗೆ ಇಂಥ ಅವಮಾನ ಕಳ್ಳನಿಂದಲೂ ಆಗಿರಲಿಲ್ಲ.

ಆಕೆ ಅವಲಕ್ಕಿ ಸರವನ್ನು ಕೈಗೆತ್ತಿಕೊಂಡಳು.

"ಕೊಂಡಿ ಸವೆದು ನೂಲು ಕಟ್ಟಿದೆ ನೋಡಿ. ಕಟ್ಟಿದ್ದು ನಾನು. ನಮ್ಮಮ್ಮನದು. ಅಸಲಿ. ಬರ್ಕೊಳ್ಳಿ."

ಸಂಜೆ ೪.೧೫ಕ್ಕೆ ಭೀಮಸೇನನ ಬಂಧನವಾಯಿತು. ಆತನಿಗೆ ಸಾಲವಿರಲಿಲ್ಲ, ಹಗೆಯೂ ಇರಲಿಲ್ಲ. ಹೇಳಿಕೆಯ ಕೊನೆಯಲ್ಲಿ ಒಗಾವಾ ಆತನ ಮಾತನ್ನು ಹಾಗೆಯೇ ದಾಖಲಿಸಿದರು: "ಸುಳ್ಳು ಬರೆಸಿದವಳು ಠಾಣೆಗೆ ಬರುವುದಿಲ್ಲವೆಂದು ನಂಬಿದ್ದೆ. ಪಟ್ಟಿಯಲ್ಲಿ ಇಲ್ಲದ ಚಿನ್ನ ಯಾರದ್ದೂ ಅಲ್ಲ ಅನ್ನಿಸಿತು."