ಫೋಟೋದಲ್ಲಿಲ್ಲದ ಮರ

ತಪ್ಪು ತನ್ನದಲ್ಲ, ದಲ್ಲಾಳಿಯದು ಎಂದು ಒರೆಸಪ್ಪ ಮೊದಲ ದಿನವೇ ತೀರ್ಮಾನಿಸಿಕೊಂಡಿದ್ದ. ಮರವನ್ನು ಒರೆಸು ಎಂದವನು ದಲ್ಲಾಳಿ. ಈಗ ಬಣ್ಣ ಬಯಲಾಗುವ ಹೊತ್ತಿಗೆ ಕೈ ತೊಳೆದುಕೊಂಡು ಕೂತವನೂ ಅವನೇ.

ಒರೆಸಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ದಲ್ಲಾಳಿಯ ಆಫೀಸಿನವರು ಇಟ್ಟದ್ದು. ಮಾರಾಟಕ್ಕಿರುವ ಮನೆಗಳ ಫೋಟೋ ತೆಗೆದು, ತಿದ್ದಿ ತೀಡಿ ಜಾಹೀರಾತಿಗೆ ಹಾಕುವುದು ಹನ್ನೊಂದು ವರ್ಷದಿಂದ ಅವನ ಕಸುಬು. ಮನೆಯ ಮುಂದಿನ ಕಸದ ಡಬ್ಬಿ, ನೆರೆಯವರ ಕಾರು, ಜೋತುಬಿದ್ದ ತಂತಿ, ಯಾವುದು ಬೇಡವೋ ಅದರ ಸುತ್ತ ಈಗೀಗ ಒಂದು ಗೆರೆ ಎಳೆದರೆ ಸಾಕಿತ್ತು. ಕಂಪ್ಯೂಟರಿನ ಎಐ ಅದನ್ನು ನುಂಗಿ ನೀರು ಕುಡಿದು, ಅದರ ಹಿಂದೆ ಇದ್ದಿರಬಹುದಾದ ಗೋಡೆಯನ್ನೋ ಹುಲ್ಲನ್ನೋ ತಾನೇ ಊಹಿಸಿ ಬರೆದುಬಿಡುತ್ತಿತ್ತು. ಇವತ್ತಿದ್ದು ನಾಳೆ ಹೋಗುವುದನ್ನು ಒರೆಸಿದರೆ ಯಾರೂ ಕೇಳುವುದಿಲ್ಲ. ನಾಳೆಯೂ ಅಲ್ಲೇ ಇರುವುದನ್ನು ಒರೆಸಿದರೆ ಅದು ಮೋಸ. ಸಿಕ್ಕಿಬಿದ್ದವನಿಗೆ ಮತ್ತೆ ಯಾವ ಆಫೀಸಿನಲ್ಲೂ ಕೆಲಸವಿಲ್ಲ.

ಆ ಎರಡಂತಸ್ತಿನ ಮನೆ ಎಂಟು ತಿಂಗಳಿಂದ ಗಿರಾಕಿಯಿಲ್ಲದೆ ಬೀಗ ಹಾಕಿಕೊಂಡಿತ್ತು. ಮನೆಗೆ ಏನೂ ಕೊರತೆಯಿರಲಿಲ್ಲ. ಆದರೆ ಪಕ್ಕದ ಅಂಗಳದ ದೊಡ್ಡ ಮರವೊಂದು ಕಾಂಪೌಂಡ್ ಗೋಡೆ ದಾಟಿ ಬಾಗಿ, ಮನೆಯ ಮುಖದ ಅರ್ಧಕ್ಕೆ ಅಡ್ಡ ನಿಂತಿತ್ತು. ಆ ಮರ ಹೊಲಿಗೆ ಅಕ್ಕನದು. ಅವಳದು ಒಂದೇ ಕೋಣೆಯ ಮನೆ, ಹಗಲಲ್ಲೂ ದೀಪ ಬೇಕು. ಹಾಗಾಗಿ ಮರದ ಬುಡದಲ್ಲೇ ಮಿಷನ್ ಇಟ್ಟುಕೊಂಡು ಇಡೀ ಬೀದಿಯ ಬಟ್ಟೆ ಹೊಲಿಯುತ್ತಿದ್ದಳು. ಕೊಂಬೆ ಕಡಿಸಿಕೊಡಿ ಎಂದು ದಲ್ಲಾಳಿ ಕೇಳಹೋದಾಗ, ಮೊದಲು ನಿಮ್ಮ ಆಫೀಸಿನ ಅರ್ಧ ತಾರಸಿ ಕೆಡವಿಸಿ ಬನ್ನಿ, ಆಮೇಲೆ ನೋಡೋಣ ಎಂದು ದಾರ ಪೋಣಿಸುತ್ತಲೇ ಹೇಳಿ ಕಳಿಸಿದ್ದಳು. ಆ ಸಂಜೆ ದಲ್ಲಾಳಿ, ಫೋಟೋದಲ್ಲಾದರೂ ಕಡಿ ಎಂದ. ಒರೆಸಪ್ಪ ಕಡಿದ.

ವಾರದೊಳಗೆ ದೂರದ ಊರಿನಿಂದ ಗಿರಾಕಿಯೊಬ್ಬರ ಫೋನು ಬಂತು. ಮನೆಯಲ್ಲಿ ಕಾಯಿಲೆಯವರಿದ್ದಾರೆ, ಮೊದಲೇ ಬಂದು ನೋಡುವುದಕ್ಕಾಗುವುದಿಲ್ಲ, ನಾಲ್ಕು ತಿಂಗಳಿಗೆ ಸಾಮಾನು ಸಮೇತ ಬಂದು ಸಹಿ ಹಾಕುತ್ತೇನೆ ಎಂದರು. ಅವರದು ಒಂದೇ ಷರತ್ತು.

"ಫೋಟೋದಲ್ಲಿ ಹೇಗಿದೆಯೋ ಹಾಗೇ ಇರಬೇಕು ನೋಡಿ. ಒಂದು ಚೂರು ವ್ಯತ್ಯಾಸ ಇದ್ರೂ ಸಹಿ ಹಾಕಲ್ಲ, ನೇರ ದೂರು ಕೊಡ್ತೀನಿ."

ಫೋನಿಟ್ಟ ದಲ್ಲಾಳಿ ಒರೆಸಪ್ಪನ ಕಡೆ ತಿರುಗಿದ. "ನಾನಂತೂ ಕಂಪ್ಯೂಟರ್ ಮುಟ್ಟಿದವನಲ್ಲ. ನಾಲ್ಕು ತಿಂಗಳಿದೆ, ಏನು ಮಾಡ್ತೀಯೋ ನೀನೇ ನೋಡ್ಕೋ," ಎಂದು ಹೇಳಿ ಊಟಕ್ಕೆ ಹೊರಟ.

ಹನ್ನೊಂದು ವರ್ಷ ಫೋಟೋ ತಿದ್ದಿದವನಿಗೆ ಬೇರೆ ಯಾವ ಕೆಲಸವೂ ಬಾರದು. ಎರಡು ರಾತ್ರಿ ಹೊರಳಾಡಿದ ಮೇಲೆ ಅವನಿಗೆ ಹೊಳೆದದ್ದು ಬಹಳ ಸರಳವಾಗಿತ್ತು. ಫೋಟೋ ಸುಳ್ಳಾದರೆ ತಾನೇ ಮೋಸ? ಅಂಗಳವೇ ಫೋಟೋದಂತಾಗಿಬಿಟ್ಟರೆ ಅದು ನಿಜವಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅವನು ಆತುರಪಡಲಿಲ್ಲ. ಮರದ ಬುಡ ಅವಳ ಕಡೆಗಿದ್ದರೂ, ದಪ್ಪ ಬೇರುಗಳು ಗೋಡೆಯಡಿ ನುಸುಳಿ ಖಾಲಿ ಮನೆಯ ಅಂಗಳಕ್ಕೆ ಬಂದಿದ್ದವು. ಆ ಮನೆಯ ಬೀಗದ ಕೈ ಅವನ ಬಳಿಯೇ ಇತ್ತು. ಕಳ್ಳತನದ ಕೆಲಸವನ್ನು ಕತ್ತಲಲ್ಲಿ ಮಾಡುವವನು ಮೂರ್ಖ ಎಂಬುದು ಅವನ ನಂಬಿಕೆ. ಹಟ್ಟಹಗಲು ಕೆಲಸದ ನೆಪದಲ್ಲಿ ಬಂದವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹೊಲಿಗೆ ಅಕ್ಕ ಮಧ್ಯಾಹ್ನ ಉಂಡು ಒಂದು ಗಳಿಗೆ ಅಡ್ಡಾಗುತ್ತಾಳೆ. ಆ ಹೊತ್ತಿಗೆ ಅವನು ಬಂದ. ಪರದೆಯ ಕೊಕ್ಕೆ ಕೂರಿಸಬೇಕು, ಡ್ರಿಲ್ಲಿನ ಸದ್ದಾದರೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಅವಳಿಗೆ ಮೊದಲೇ ಹೇಳಿ, ಒಪ್ಪಿಗೆಯನ್ನೂ ಪಡೆದ. ನಿಜವಾಗಿಯೂ ನಾಲ್ಕು ಕೊಕ್ಕೆ ಕೂರಿಸಿದ. ಆಮೇಲೆ ಅಂಗಳದ ಮಣ್ಣು ಸರಿಸಿ ಬೇರುಗಳಲ್ಲಿ ತೂತು ಕೊರೆದು, ಕಳೆ ಸುಡುವ ಔಷಧಿ ಸುರಿದು, ಮೇಣ ಮೆತ್ತಿ, ಮಣ್ಣು ಮುಚ್ಚಿ, ಅದರ ಮೇಲೆ ಒಣ ಎಲೆ ಹರಡಿದ. ಔಷಧಿಯನ್ನು ಊರ ಇನ್ನೊಂದು ತುದಿಯ ಅಂಗಡಿಯಲ್ಲಿ ಕೊಂಡಿದ್ದ. ಮರವಿದ್ದ ಮೂಲ ಫೋಟೋವನ್ನು ಕ್ಯಾಮೆರಾದಿಂದಲೂ ಕಂಪ್ಯೂಟರಿನಿಂದಲೂ ಅಳಿಸಿದ. ಹತ್ತು ದಿನಕ್ಕೊಮ್ಮೆ ಹೀಗೆ ನಾಲ್ಕು ಸಲ ಬಂದು ಔಷಧಿ ಸುರಿದ. ಹೋಗುವಾಗ ಪ್ರತಿ ಸಲವೂ ಗೋಡೆಯಾಚೆಗೆ ಬರ್ತೀನಕ್ಕ ಎಂದು ಕೂಗಿ ಹೇಳಿದ.

ಎಲ್ಲವೂ ಲೆಕ್ಕದಂತೆಯೇ ನಡೆಯಿತು. ಅವನ ಮನಸ್ಸೊಂದು ಮಾತ್ರ ನಡೆಯಲಿಲ್ಲ.

ಎರಡನೆಯ ತಿಂಗಳಿಗೆ ಎಲೆಯ ಅಂಚು ಕಂದಿತು. ಮರಕ್ಕೆ ದಾಹವಾಗಿದೆ ಎಂದುಕೊಂಡ ಹೊಲಿಗೆ ಅಕ್ಕ ಬೆಳಿಗ್ಗೆ ಸಂಜೆ ಎರಡೆರಡು ಕೊಡ ನೀರು ಹೊತ್ತು ಸುರಿಯತೊಡಗಿದಳು. ಅವಳ ಸೊಂಟ ಮೊದಲೇ ಸರಿಯಿರಲಿಲ್ಲ. ಒಂದು ದಿನ ಗೋಡೆಯ ಮೇಲಿಂದ ಅವನನ್ನು ಕರೆದು, "ತಮ್ಮಾ, ನೀನು ನಾಲ್ಕು ಕಡೆ ಓಡಾಡೋನು, ಇದಕ್ಕೇನಾಗಿದೆ ಅಂತ ಗೊತ್ತಿರೋರನ್ನ ಕೇಳ್ತೀಯಾ?" ಎಂದಳು. ಒಣಗಿದ ಎಲೆಯೊಂದನ್ನು ಕಾಗದದಲ್ಲಿ ಮಡಚಿ ಕೊಟ್ಟಳು, ಡಾಕ್ಟರಿಗೆ ತೋರಿಸುವವರ ಹಾಗೆ. ಅವನ ಅಂಗಿಯ ಗುಂಡಿ ಸಡಿಲವಾಗಿದ್ದನ್ನು ಕಂಡು, ಅಲ್ಲೇ ನಿಲ್ಲಿಸಿ ಬಿಗಿದೂ ಕೊಟ್ಟಳು. ಅವಳ ಬೆರಳು ತನ್ನ ಎದೆಯ ಮೇಲೆ ಆಡುತ್ತಿದ್ದಷ್ಟೂ ಹೊತ್ತು ಒರೆಸಪ್ಪ ಉಸಿರು ಹಿಡಿದು ನಿಂತಿದ್ದ.

ಆ ಎಲೆಯನ್ನು ಅವನು ಎಸೆಯಲಿಲ್ಲ. ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ. ಹೆಂಡತಿ ಇದೇನು ಎಂದಾಗ ಏನಿಲ್ಲ ಎಂದ. ಇನ್ನು ಔಷಧಿ ಹಾಕುವುದು ಬೇಡ ಎಂದುಕೊಂಡ, ಆದರೆ ಹಾಕಬೇಕಾದದ್ದನ್ನೆಲ್ಲ ಆಗಲೇ ಹಾಕಿಯಾಗಿತ್ತು. ಇನ್ನೇನಿದ್ದರೂ ಅವಳ ನೀರೇ ಅದನ್ನು ಬೇರಿನ ತುದಿಗೆ ಇಳಿಸುತ್ತಿತ್ತು. ನೀರು ಹಾಕಬೇಡಿ ಎಂದು ಹೇಳೋಣವೆಂದರೆ, ಯಾಕೆ ಎಂದು ಕೇಳುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ.

ಮೂರನೆಯ ತಿಂಗಳಿಗೆ ಮರ ಬೋಳಾಯಿತು. ಒಣ ಕೊಂಬೆ ಯಾರ ತಲೆಯ ಮೇಲಾದರೂ ಬಿದ್ದೀತೆಂದು ಹೊಲಿಗೆ ಅಕ್ಕ ತಾನೇ ಅರ್ಜಿ ಬರೆದು, ಕಡಿಯುವವರನ್ನು ಕರೆಸಿದಳು. ಗರಗಸ ಆಡುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಮುಂದೆ ಬಿಸಿಲಿನಲ್ಲಿ ಕೂರಲಾಗದೆ, ಒಳಗೆ ಸೂಜಿಯ ಕಣ್ಣು ಕಾಣದೆ, ದಿನಕ್ಕೆ ಎರಡು ಗಂಟೆ ಹೊಲಿದರೆ ಹೆಚ್ಚು. ಒರೆಸಪ್ಪ ಒಂದು ದೊಡ್ಡ ಛತ್ರಿ ತಂದು ಅವಳ ಮಿಷನ್ನಿಗೆ ಕಟ್ಟಿಕೊಟ್ಟ. ಒಡಹುಟ್ಟಿದವರೂ ಇಷ್ಟು ನೋಡಿಕೊಳ್ಳಲ್ಲ, ನೂರು ಕಾಲ ಬಾಳು ಎಂದು ಅವಳು ಹರಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ದಾರಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಮುಖ ಮುಚ್ಚಿಕೊಂಡು ಅತ್ತ.

ಆದರೂ ಗಿರಾಕಿ ಬರುವ ದಿನ ಬೆಳಿಗ್ಗೆ ಬೀದಿಯ ಆಚೆಬದಿಯಲ್ಲಿ ನಿಂತು ನೋಡಿದಾಗ, ನಾಚಿಕೆಗೇಡೆನಿಸಿದರೂ, ಎದೆ ಹಗುರವಾಯಿತು. ಮನೆ ಫೋಟೋದ ಪಡಿಯಚ್ಚಾಗಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡ. ಈ ಸಹಿಯೊಂದು ಬಿದ್ದರೆ ಹೊಲಿಗೆ ಅಕ್ಕನಿಗೆ ಏನಾದರೂ ಮಾಡಬೇಕು, ತಗಡಿನದಾದರೂ ಒಂದು ಚಪ್ಪರ ಹಾಕಿಸಿಕೊಡಬೇಕು ಎಂದೂ ಅಂದುಕೊಂಡ.

ಗಿರಾಕಿ ಐವತ್ತು ದಾಟಿದ ಗಂಡಸು. ಅವರ ಕಾರಿನ ಹಿಂದಿನ ಸೀಟಿನಲ್ಲಿ ಹೆಂಡತಿ ದಿಂಬಿಗೆ ಒರಗಿ ಮಲಗಿದ್ದರು. ದಲ್ಲಾಳಿ ಹಲ್ಲು ಕಿರಿಯುತ್ತ ಬಾಗಿಲು ತೆರೆದ. ಹೊಸ ನೆರೆಯವರನ್ನು ನೋಡಲು ಹೊಲಿಗೆ ಅಕ್ಕನೂ ಗೋಡೆಯ ಬಳಿ ಬಂದು ನಿಂತಳು. ಗಿರಾಕಿ ಮನೆಯನ್ನು ಮೇಲಿಂದ ಕೆಳಗೆ ನೋಡಿದರು, ಆ ಬದಿ ಈ ಬದಿ ನೋಡಿದರು. ಅವರ ಮುಖ ಸಪ್ಪಗಾಯಿತು.

"ಮರ ಎಲ್ರೀ?" ಎಂದರು.

ಫೋಟೋದಲ್ಲಿ ಮರವೇ ಇಲ್ಲವಲ್ಲ ಎಂದು ದಲ್ಲಾಳಿ ತಡವರಿಸಿದ. ಮನೆಯ ಮುಂದೆ ಇಲ್ಲ, ಅದು ಗೊತ್ತು ಎಂದು ಗಿರಾಕಿ ಫೋನು ತೆಗೆದರು. "ನನ್ನಾಕೆ ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ಮಲಗಿದಲ್ಲಿಂದ್ಲೇ ನಾಲ್ಕು ಎಲೆ ಕಾಣೋ ಮನೆ ಬೇಕು ಅಂತ ವರ್ಷದಿಂದ ಹುಡುಕ್ತಿದ್ದೆ. ಇದರಲ್ಲಿ ಕಾಣಿಸ್ತು, ಅದಕ್ಕೇ ಹಾಗೇ ಇರಬೇಕು ಅಂದಿದ್ದು." ಅವರು ಮೇಲಂತಸ್ತಿನ ಕಿಟಕಿಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದರು. ಹೊಲಿಗೆ ಅಕ್ಕ ಗೋಡೆಯ ಮೇಲಿಂದ ಕೈ ಚಾಚಿ ಫೋನು ಈಸಿಕೊಂಡು, ಈ ಫೋಟೋ ಯಾವಾಗಿನದು ಎಂದು ಕೇಳಿದಳು. ನಾಲ್ಕು ತಿಂಗಳಾಯಿತು ಎಂದರು ಗಿರಾಕಿ. ಆಗಿನ್ನೂ ಒಂದು ಎಲೆಯೂ ಕಂದಿರಲಿಲ್ಲ. ಅವಳು ಫೋಟೋದಲ್ಲಿ ಬರಿದಾಗಿದ್ದ ತನ್ನ ಅಂಗಳವನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಆಮೇಲೆ ನಿಧಾನಕ್ಕೆ ತಲೆಯೆತ್ತಿ ಒರೆಸಪ್ಪನನ್ನು ನೋಡಿದಳು. ಅವನು ಮರವನ್ನು ಬುಡಸಮೇತ ಒರೆಸಿದ್ದ. ಆ ಮೇಲಂತಸ್ತಿನ ಕಿಟಕಿಯ ಗಾಜಿನಲ್ಲಿ ಮೂಡಿದ್ದ ಅದರ ಪ್ರತಿಬಿಂಬವನ್ನು ಮಾತ್ರ ಒರೆಸಿರಲಿಲ್ಲ.